ಚಹಾದ ಸಾಲ

ನಮ್ಮ ಕಲಬುರಗಿ ಸೀಮೆಯಲ್ಲಿ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಿದರೆ ಅವರು ಮತ್ತೆ ನಮ್ಮ ಹೊಸ್ತಿಲು ತುಳಿಯುವುದು ಅನುಮಾನ. ಬೇಸಿಗೆಯ ಬಿಸಿಲು ನೆತ್ತಿ ಸುಡುತ್ತಿದ್ದರೂ ಚಹಾ ಬೇಕೇ ಬೇಕು. ಇಂಥ ನಾಡಿನಲ್ಲಿ ಹುಟ್ಟಿಯೂ ಹದಿನೆಂಟರವರೆಗೆ ನಾನು ಚಹಾ ಮುಟ್ಟಲಿಲ್ಲ. ಅದಕ್ಕೆ ಕಾರಣ ಆಳಂದದಲ್ಲಿ ನಮ್ಮ ಓಣಿಯ ತಾಲೀಮಿನ ವಸ್ತಾದರು. ಕೆಂಪು ಮಣ್ಣಿಗೆ ಇಳಿಯುವ ಮುಂಚೆ ಹುಡುಗರ ಬಾಯಿ ಮೂಸಿ ನೋಡುವ ಆಸಾಮಿ ಅವರು. "ಚಾ ಕುಡದಿಯೇನಲೇ? ಹಾಲು ಕುಡಿ, ರೊಟ್ಟಿ ತಿನ್ನು, ಒಂಬತ್ತಕ್ಕ ಮಲಕೋ. ಚಾ ಕುಡದ ತಾಕತ್ತು ಸಾಲದ ತಾಕತ್ತು" ಎನ್ನುತ್ತಿದ್ದರು. ಆ ಮಾತು ನನಗೆ ಅರ್ಥವಾಗುವ ಹೊತ್ತಿಗೆ ಬಹಳ ವರ್ಷ ಕಳೆದಿತ್ತು. ಅದರ ಬೆಲೆ ತೆತ್ತವನು ಮಾತ್ರ ನಾನಲ್ಲ, ಒಬ್ಬ ಹುಡುಗ.

1996ರಲ್ಲಿ ನಾನು ಅಫಜಲಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಭೀಮಾ ದಂಡೆಯ ಹಳ್ಳಿಯಿಂದ ದಿನಾಲೂ ಓಡುತ್ತಲೇ ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗನಿದ್ದ. ತೂಕ ನಲವತ್ತು ಕಿಲೋ. ಕಾಲಲ್ಲಿ ಚಪ್ಪಲಿ ಇಲ್ಲ. ತಾಲ್ಲೂಕಿನಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಬಂದ. ಆಗ ನನ್ನ ತಲೆಗೆ ಒಂದು ಹುಳ ಹೊಕ್ಕಿತು.

ಕೆಫೀನ್ ಎಂಬುದು 1984ರಿಂದ ಒಲಿಂಪಿಕ್ಸ್‌ನ ನಿಷೇಧಿತ ಪಟ್ಟಿಯಲ್ಲಿತ್ತು. ಮೂತ್ರದಲ್ಲಿ ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ಆಟಗಾರ ಹೊರಗೆ. ಆ ಮಿತಿ ಆಗ ಒಂದು ಮಿಲಿಲೀಟರಿಗೆ 12 ಮೈಕ್ರೋಗ್ರಾಂ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಪೆಂಟಾಥ್ಲಾನ್ ಆಟಗಾರ ಅಲೆಕ್ಸ್ ವಾಟ್ಸನ್ ಇದೇ ಕಾರಣಕ್ಕೆ ಅನರ್ಹನಾದ. ಇದನ್ನು ಓದಿದ ಬುದ್ಧಿವಂತರು ಎಚ್ಚರಗೊಳ್ಳಬೇಕು. ನಾನು ಆಸೆಗೊಂಡೆ. ನಿಷೇಧಿಸಿದ್ದಾರೆ ಎಂದ ಮೇಲೆ ಅದರಲ್ಲಿ ಏನೋ ಇರಲೇಬೇಕಲ್ಲವೆ!

ಆಗಿನ್ನೂ ಗುಲ್ಬರ್ಗಾ ಎನ್ನುತ್ತಿದ್ದ ಜಿಲ್ಲಾ ಕೇಂದ್ರಕ್ಕೆ ಹೋದೆವು. ಸಂಜೆ 1,500 ಮೀಟರ್ ಓಟ. ಒಂದು ತಾಸು ಮೊದಲು ಥರ್ಮಾಸಿನಿಂದ ಹಾಲಿಲ್ಲದ ಕಡು ಚಹಾ ಮೂರು ಕಪ್ಪು ಕುಡಿಸಿದೆ. ಹುಡುಗ ಎರಡನೆಯವನಾಗಿ ಬಂದ! ನಾನು ಅವನಿಗಿಂತ ಹೆಚ್ಚು ಕುಣಿದೆ.

ಆ ರಾತ್ರಿ ಒಂದು ಶಾಲೆಯ ಕೋಣೆಯಲ್ಲಿ ಜಮಖಾನೆಯ ಮೇಲೆ ಎಲ್ಲರೂ ಮಲಗಿದೆವು. ಎಚ್ಚರವಾದಾಗಲೆಲ್ಲ ನೋಡಿದರೆ ಅವನ ಕಣ್ಣು ಮೇಲಿನ ತೊಲೆಯ ಮೇಲೆ. "ನಿದ್ದಿ ಹತ್ತವಲ್ದುರಿ ಸರ, ಎದಿ ಢವಢವ ಅಂತದ" ಎಂದ. ಮರುದಿನ ಮುಂಜಾನೆ 3,000 ಮೀಟರ್. ಮಂಕಾಗಿ ಕುಳಿತಿದ್ದವನಿಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಅದೇ ಔಷಧಿ ಕೊಟ್ಟೆ. ಎರಡು ಸುತ್ತು ಓಡಿದವನು ಪಕ್ಕಕ್ಕೆ ಸರಿದು, ಮೊಣಕಾಲೂರಿ ವಾಂತಿ ಮಾಡಿದ. ನಾನು ಓಡಿಹೋಗಿ ಬೆನ್ನು ಹಿಡಿದರೆ, ಬಾಯಿ ಒರೆಸಿಕೊಂಡು ಹೇಳಿದ: "ತಪ್ಪಾತ್ರಿ ಸರ."

ತಪ್ಪು ಯಾರದೆಂದು ಹೇಳಲು ಆಗ ನನಗೆ ಬಾಯಿ ಬರಲಿಲ್ಲ.

ಆಮೇಲೆ ಓದಿ ತಿಳಿದೆ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಕುಳಿತರೆ ದಣಿವಿನ ಸುದ್ದಿ ಮುಟ್ಟುತ್ತದೆ. ಜೇವರ್ಗಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದಿಲ್ಲವೆ, ಕೆಫೀನಿನದೂ ಅದೇ ಕಸುಬು. ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ದಣಿವು ಇಳಿದು ಹೋಗುವುದಿಲ್ಲ, ನಿಂತುಕೊಂಡು ಕಾಯುತ್ತದೆ. ಕುಡಿದದ್ದರಲ್ಲಿ ಅರ್ಧ ಕರಗಲು ಸುಮಾರು ಐದು ತಾಸು ಬೇಕು. ಸಂಜೆಯ ಚಹಾ ನಡುರಾತ್ರಿಯಲ್ಲೂ ಅವನ ಸೀಟು ಬಿಟ್ಟಿರಲಿಲ್ಲ.

ಹಾಗೆಂದು ಕೆಫೀನ್ ಸುಳ್ಳಲ್ಲ. ಬೆಳೆದ ಓಟಗಾರರಿಗೆ ಮೈತೂಕದ ಕಿಲೋಗೆ 3ರಿಂದ 6 ಮಿಲಿಗ್ರಾಂ, ಓಟಕ್ಕೆ ಒಂದು ತಾಸು ಮೊದಲು ಕೊಟ್ಟರೆ ಸ್ವಲ್ಪ ಲಾಭ ಉಂಟು. 2004ರ ಜನವರಿಯಿಂದ ಅದು ನಿಷೇಧಿತವೂ ಅಲ್ಲ. ಆದರೆ ಮಕ್ಕಳಿಗೆ ಇಡೀ ದಿನಕ್ಕೆ ಕಿಲೋಗೆ 3 ಮಿಲಿಗ್ರಾಂ ದಾಟಬಾರದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿತು. ದೊಡ್ಡವರ ಓಟದ ಲೆಕ್ಕ ಆರಂಭವಾಗುವಲ್ಲಿಯೇ ಮಕ್ಕಳ ಲೆಕ್ಕ ಮುಗಿಯುತ್ತದೆ. ನನ್ನ ಹುಡುಗನಿಗೆ ಅದು 120 ಮಿಲಿಗ್ರಾಂ. ಒಂದು ಕಪ್ಪು ಸಾದಾ ಚಹಾದಲ್ಲಿ ಸುಮಾರು 40 ಎಂದರೂ ಸಂಜೆಯ ಮೂರು ಕಪ್ಪಿಗೇ ಅವನ ಪಾಲು ತೀರಿತ್ತು. ನನ್ನದು ಸಾದಾ ಚಹಾ ಬೇರೆ ಅಲ್ಲ.

ನಿವೃತ್ತನಾಗಿ ಜೇವರ್ಗಿಯಲ್ಲಿ ನೆಲೆಸಿದ್ದೇನೆ. ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಾತ ಕಾಲು ಮುಟ್ಟಿ ನಮಸ್ಕರಿಸಿದ. ಅವನೇ! ಜೊತೆಗೆ ಓಟದ ಬೂಟು ಹಾಕಿದ ಮಗಳು, ಅವಳ ಕೈಯಲ್ಲಿ ಎನರ್ಜಿ ಡ್ರಿಂಕಿನ ಡಬ್ಬಿ. ಡಬ್ಬಿಯ ಮೇಲೆ 'ಮಕ್ಕಳಿಗಲ್ಲ' ಎಂದು ಇರುವೆಗಾತ್ರದ ಅಕ್ಷರ.

"ಸರ, ಅವತ್ತು ನೀವು ಕುಡಿಸಿದ್ರಲ್ರಿ, ಅದರಿಂದನ ನಂಗ ಸೆಕೆಂಡ್ ಬಂತು. ಇಕಿಗೂ ಕೊಡ್ಲಾಕತ್ತೀನ್ರಿ" ಎಂದ.

ವಾಂತಿ ಅವನಿಗೆ ನೆನಪಿರಲಿಲ್ಲ, ಬಹುಮಾನ ನೆನಪಿತ್ತು. ನನಗೆ ಎರಡೂ ನೆನಪಿತ್ತು. ಅಲ್ಲಿಯೇ ಬೆಂಚಿನ ಮೇಲೆ ಅವನನ್ನು ಕೂಡಿಸಿಕೊಂಡೆ. "ಅವತ್ತು ತಪ್ಪು ನಿಂದಲ್ಲಪಾ, ನಂದು" ಎಂದು ಆರಂಭಿಸಿ ಎಲ್ಲವನ್ನೂ ಹೇಳಿದೆ. ಅವನ ಮುಖ ಸಣ್ಣದಾಯಿತು. ಗುರುವಿನ ಮೇಲಿನ ನಂಬಿಕೆ ಸ್ವಲ್ಪ ಕಡಿಮೆಯಾಗಿರಲೂಬಹುದು, ಆಗಲಿ.

ಹುಡುಗಿ ಮಾತ್ರ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಕೇಳಿದಳು: "ಹಂಗಾದ್ರ ಏನು ಕುಡೀಲಿ ಅಜ್ಜಾ?"

"ಹಾಲು ಕುಡಿ, ರೊಟ್ಟಿ ತಿನ್ನು, ಒಂಬತ್ತಕ್ಕ ಮಲಕೋ" ಎಂದೆ. ಮಾತು ನನ್ನದಲ್ಲ, ಆಳಂದದ ವಸ್ತಾದರದು.