ಹೌಝಿನ ತಳದ ಕೊಳವೆ

ನಿಂತ ನೀರಿನ ಶುದ್ಧಿಯ ಕುರಿತು ಫಿಕ್ಹ್ ಗ್ರಂಥಗಳಲ್ಲಿ ವಿಸ್ತಾರವಾದ ಚರ್ಚೆಯಿದೆ. ಹನಫೀ ವಿದ್ವಾಂಸರ ಪ್ರಕಾರ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲವಿರುವ ಹೌಝ್ ಹರಿಯುವ ನೀರಿನ ಸ್ಥಾನವನ್ನು ಪಡೆಯುತ್ತದೆ. ಅದರಲ್ಲಿ ಮಾಲಿನ್ಯವೇನಾದರೂ ಬಿದ್ದರೂ ಬಣ್ಣ, ರುಚಿ, ವಾಸನೆಗಳಲ್ಲಿ ಅದರ ಕುರುಹು ಕಾಣದಿರುವವರೆಗೆ ವುಝೂ ಸಿಂಧುವಾಗುತ್ತದೆ. ಎಲೆ ಉದುರಿ, ಪಾಚಿ ಬೆಳೆದು, ಬಹುಕಾಲ ನಿಂತು ಬಣ್ಣಗೆಟ್ಟ ನೀರಿಗೂ ರಿಯಾಯಿತಿಯಿದೆ. ಕರಾವಳಿಯ ಶಾಫಿಈ ಸಹೋದರರದು ಎರಡು ಕುಲ್ಲಗಳ ಲೆಕ್ಕ; ಅದು ಬೇರೆಯೇ ಪಾಠ.

ಈ ಮಸ್ಅಲವನ್ನು ನಾವು ಪ್ರತಿವರ್ಷ ಮಕ್ಕಳಿಗೆ ಕಲಿಸುತ್ತೇವೆ. ಶಅಬಾನ್ ತಿಂಗಳ ಕೊನೆಯ ವಾರದಲ್ಲಿ ರಾಯಬಾಗದ ನಮ್ಮ ಮೊಹಲ್ಲಾದ ಮಸೀದಿಯ ಹೌಝ್ ಹಸಿರಾದಾಗ ಜಮಾಅತಿನ ಒಬ್ಬರು ಅದೇ ಪಾಠವನ್ನು ನಮಗೆ ಒಪ್ಪಿಸಿದರು. "ಮೌಲಾನಾ, ನೀರು ಪಾಕ್ ಇದೆಯಲ್ಲ? ರಮಝಾನ್ ಮುಗಿಯಲಿ, ಆಮೇಲೆ ನೋಡಿದರಾಯಿತು." ಅವರು ಹೇಳಿದ ಮಸ್ಅಲ ಸರಿಯೇ. ಆದರೆ ಕಟ್ಟೆಯ ಮೇಲೆ ಲೋಳೆ ಹಿಡಿದು ಇಬ್ಬರು ವೃದ್ಧರು ಆಗಲೇ ಜಾರಿ ಬಿದ್ದಿದ್ದರು. ಶರೀಅತ್ ಕೊಟ್ಟ ರಿಯಾಯಿತಿಯು ನೀರಿಲ್ಲದ ಪ್ರಯಾಣಿಕನ ಸಂಕಟವನ್ನು ನೀಗಿಸಲಿಕ್ಕಾಗಿ ಇದೆಯೇ ಹೊರತು ನಮ್ಮ ಆಲಸ್ಯಕ್ಕೆ ಹೊದಿಕೆಯಾಗಲಿಕ್ಕಲ್ಲ.

ಕೆಲವು ವರ್ಷಗಳ ಹಿಂದೆ ನೀರಿನ ಉಳಿತಾಯಕ್ಕೆಂದು ಹೌಝಿಗೆ ಈಜುಕೊಳದ ಮಾದರಿಯ ವ್ಯವಸ್ಥೆಯನ್ನು ಅಳವಡಿಸಲಾಗಿತ್ತು. ತಳದ ಜಾಲರಿಯಿಂದ ಮೋಟರ್ ನೀರನ್ನು ಎಳೆಯುತ್ತದೆ. ಮರಳು ತುಂಬಿದ ಫಿಲ್ಟರ್ ಅದನ್ನು ಸೋಸುತ್ತದೆ. ಗೋಡೆಯ ನಾಲ್ಕು ಬಾಯಿಗಳಿಂದ ಅದು ಮರಳಿ ಹೌಝಿಗೆ ಬೀಳುತ್ತದೆ. ಈಗ ಆ ನಾಲ್ಕು ಬಾಯಿಗಳಿಂದ ನೂಲಿನಂತೆ ನೀರು ಬರುತ್ತಿತ್ತು. ಕೊಳವೆ ಎಲ್ಲೋ ಕಟ್ಟಿಕೊಂಡಿದೆ ಎಂಬುದು ಎಲ್ಲರಿಗೂ ಗೊತ್ತು. ಯಾರು ಇಳಿಯಬೇಕು ಎಂಬುದೇ ಪ್ರಶ್ನೆ.

"ಯಾರನ್ನಾದರೂ ಕರೆಸೋಣ" ಎಂದರು. ಆ 'ಯಾರಾದರೂ' ಯಾರೆಂಬುದು ಊರಿಗೆ ತಿಳಿದ ಸಂಗತಿ: ಗಟಾರ ಕಟ್ಟಿದಾಗಲೆಲ್ಲ ಕರೆಸಿಕೊಳ್ಳುವ, ಕೂಲಿಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಡುವ ಆ ಕೇರಿಯ ಬಡವರು. ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಸಮುದಾಯದ ಬಾಯಲ್ಲಿ ಈ ಮಾತು ಬಂದದ್ದು ನಮಗೆ ನೋವುಂಟುಮಾಡಿತು. ನಮ್ಮ ಕೈಗಳನ್ನು ತೊಳೆಯುವ ನೀರಿನ ಕೊಳೆಯನ್ನು ಇನ್ನೊಬ್ಬರ ಕೈಗೆ ಹಚ್ಚುವುದು ಯಾವ ತಹಾರತ್?

ಆಗ ಹಿಂದಿನ ಸಾಲಿನಿಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಎದ್ದುನಿಂತ. ಪುಣೆಯಲ್ಲಿ ದುಡಿಯುವ ಯುವಕ. ರಮಝಾನಿಗೆಂದು ಊರಿಗೆ ಬಂದಿದ್ದ. "ಹಜರತ್, ನಾನು ಬಿಡಿಸ್ತೀನಿ. ಅಲ್ಲಿ ನನ್ನ ಕೆಲಸ ಇದೇ. ಬಂಗಲೆಗಳ ಈಜುಕೊಳ ತೊಳೆಯೋದು, ಪೈಪು ಬಿಡಿಸೋದು." ಅವನ ತಂದೆ ಅಲ್ಲೇ ಕುಳಿತಿದ್ದರು. ಮಗ ಕಂಪನಿಯಲ್ಲಿ ಸೂಪರ್‌ವೈಸರ್ ಎಂದು ಮೊಹಲ್ಲಾಕ್ಕೆಲ್ಲ ಹೇಳಿದ್ದವರು ಅವರು. ಅಥಣಿಯ ಮನೆತನವೊಂದರೊಂದಿಗೆ ಹುಡುಗನ ಸಂಬಂಧದ ಮಾತುಕತೆ ನಡೆದಿತ್ತು. ಅವರು ತಲೆತಗ್ಗಿಸಿ ತಸ್ಬೀಹಿನ ಮಣಿಗಳನ್ನು ಎಣಿಸತೊಡಗಿದರು.

ಹುಡುಗ ಮೊದಲು ಮೋಟರಿನ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಂಡ. ಯಾರೂ ತಿಳಿಯದೆ ಸ್ವಿಚ್ ಒತ್ತಬಾರದು. ಮೋಟರ್ ಎಳೆಯುವಾಗ ತಳದ ಜಾಲರಿಯ ಹತ್ತಿರ ಕೈಯೊಯ್ಯುವುದು ಪ್ರಾಣಕ್ಕೇ ಅಪಾಯ ಎಂದ. ಫಿಲ್ಟರ್ ಮೇಲಿನ ಮಾಪಕದ ಮುಳ್ಳು ಕೆಳಗಿಳಿದಿದ್ದುದನ್ನು ಅವನು ಆಗಲೇ ನೋಡಿಕೊಂಡಿದ್ದ. ಮರಳು ಕಟ್ಟಿದ್ದರೆ ಮುಳ್ಳು ಏರುತ್ತಿತ್ತು. ಇಳಿದಿದೆಯೆಂದರೆ ತಡೆ ಮೋಟರಿಗಿಂತ ಮೊದಲೇ ಇದೆ. ನಮಗೆ ಇದು ವೈದ್ಯನು ನಾಡಿ ಹಿಡಿದು ನೋಡಿದಂತೆ ಕಂಡಿತು. ಮೋಟರಿನ ಮುಂದಿನ ಬುಟ್ಟಿಯನ್ನು ತೆರೆದಾಗ ಬೇವಿನ ಎಲೆ, ಕೂದಲು, ಟೊಪ್ಪಿಗೆಗಳಿಂದ ಬಿಚ್ಚಿದ ದಾರ ಎಲ್ಲವೂ ಹೆಣೆದುಕೊಂಡು ಹಗ್ಗವಾಗಿತ್ತು. ಅದನ್ನು ತೆಗೆದರೂ ಸಾಕಾಗಲಿಲ್ಲ.

ಹೌಝಿನ ಮೀನುಗಳನ್ನು ಮಕ್ಕಳು ಟಬ್ಬಿಗೆ ಸಾಗಿಸಿದರು. ನೀರನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಅವನು ಒಳಗಿಳಿದು ಜಾಲರಿ ಬಿಚ್ಚಿದ. ಕಡ್ಡಿ ಹಾಕಿ ತಿವಿಯಲು ಮುಂದಾದವರನ್ನು ತಡೆದ. ತಿವಿದರೆ ಕಸ ಇನ್ನಷ್ಟು ಒಳಕ್ಕೆ ಹೋಗಿ ತಿರುವಿನಲ್ಲಿ ಕೂರುತ್ತದೆ, ಬಂದ ದಾರಿಯಲ್ಲೇ ಅದನ್ನು ಮರಳಿ ಕಳಿಸಬೇಕು. ಮೋಟರಿನ ಕಡೆಯ ತುದಿಗೆ ಬೋರ್‌ವೆಲ್ಲಿನ ಪೈಪು ಜೋಡಿಸಿ, ಬಟ್ಟೆ ಬಿಗಿದು, ಹಿಮ್ಮುಖವಾಗಿ ನೀರು ನೂಕಿಸಿದ. ಮೊದಲು ಗುಳ್ಳೆಗಳು, ಬಳಿಕ ಕಪ್ಪು ನೀರು, ಕೊನೆಗೆ ಮುಷ್ಟಿಗಾತ್ರದ ಹಸಿರು ಗಂಟು ಹೊರಬಿತ್ತು. ಅದನ್ನು ಅವನು ಬರಿಗೈಯಲ್ಲೇ ಎತ್ತಿದ. ಬಕೆಟ್ ಹಿಡಿದು ನಿಂತವರು ಅವನ ತಂದೆ. ಯಾವಾಗ ಎದ್ದು ಬಂದರೋ ನಾವು ಗಮನಿಸಿರಲಿಲ್ಲ.

ನಮ್ಮ ಬೋರ್‌ವೆಲ್ಲಿನ ನೀರು ಗಡಸು. ನಾಲ್ಕು ಬಾಯಿಗಳಲ್ಲಿಯೂ ಸುಣ್ಣ ಕಟ್ಟಿತ್ತು. ಅವುಗಳನ್ನು ಬಿಚ್ಚಿ, ಹೊರಗೆ ಬಕೆಟ್ಟಿನಲ್ಲಿ ಆ್ಯಸಿಡ್ ಬೆರೆತ ನೀರಿನಲ್ಲಿ ನೆನೆಹಾಕಿದ. ನೀರಿಗೆ ಆ್ಯಸಿಡ್ ಸುರಿಯಬೇಕು, ಆ್ಯಸಿಡ್‌ಗೆ ನೀರನ್ನಲ್ಲ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷಾನಿಲ ಏಳುತ್ತದೆ ಎಂದು ಅವನು ಮಕ್ಕಳಿಗೆ ಎರಡೆರಡು ಸಲ ಹೇಳಿದ. ಪಾಠ ಹೇಳುವ ನಮ್ಮ ಧಾಟಿಯೇ ಅವನಲ್ಲಿ ಇದ್ದುದನ್ನು ಕಂಡು ಒಳಗೊಳಗೇ ಸಂತೋಷಪಟ್ಟೆವು.

ವಿಜಯಪುರದ ಗೋಳಗುಮ್ಮಟವನ್ನು ನೋಡಲು ಹೋಗುವವರು ಅಲ್ಲಿನ ಗಂಜ್‌ಗಳೆಂಬ ನೀರಿನ ಗೋಪುರಗಳ ಮುಂದೆ ನಿಲ್ಲುವುದು ಅಪರೂಪ. ಮುಹಮ್ಮದ್ ಆದಿಲ್ ಶಾಹ್ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು ನಗರಕ್ಕೆ ನೀರನ್ನು ತರುತ್ತಿದ್ದವು. ನೀರು ಗೋಪುರವನ್ನೇರಿದಾಗ ಒತ್ತಡ ತಗ್ಗಿ ಕೊಳವೆ ಒಡೆಯದಂತಾಗುತ್ತಿತ್ತು, ಹೂಳು ತಳದಲ್ಲಿ ಉಳಿದು ತಿಳಿನೀರು ಮುಂದೆ ಸಾಗುತ್ತಿತ್ತು. ಹೂಳು ತಾನಾಗಿಯೇ ಹೊರಬರುವುದಿಲ್ಲವಷ್ಟೆ. ಸುಲ್ತಾನನ ಹೆಸರು ನಮ್ಮ ಪಾಠಪುಸ್ತಕಗಳಲ್ಲಿದೆ. ಇಳಿದು ಬುಟ್ಟಿ ತುಂಬಿಸಿದವರ ಹೆಸರಿಲ್ಲ.

ಪ್ರವಾದಿ(ಸ)ರವರ ಮಸೀದಿಯನ್ನು ಗುಡಿಸುತ್ತಿದ್ದ ಕಪ್ಪು ವರ್ಣದ ಮಹಿಳೆಯ ಪ್ರಸಂಗ ಬುಖಾರಿ ಹಾಗೂ ಮುಸ್ಲಿಂ ಎರಡರಲ್ಲಿಯೂ ವರದಿಯಾಗಿದೆ. ಆಕೆ ತೀರಿಕೊಂಡಾಗ ಸಹಾಬಿಗಳು ಇದೊಂದು ಸಣ್ಣ ವಿಷಯವೆಂದು ಭಾವಿಸಿ ಪ್ರವಾದಿವರ್ಯರಿಗೆ ತಿಳಿಸಿರಲಿಲ್ಲ. ಆಕೆ ಕಾಣದಿದ್ದಾಗ ಅವರೇ ವಿಚಾರಿಸಿದರು. ವಿಷಯ ತಿಳಿದು, ಗೋರಿಯ ಬಳಿಗೆ ಹೋಗಿ ನಮಾಝ್ ನಿರ್ವಹಿಸಿದರು. ಆ ರಾತ್ರಿ ತರಾವೀಹಿನ ಸಿದ್ಧತೆಯ ಸಭೆಯಲ್ಲಿ ನಾವು ಈ ಪ್ರಸಂಗವನ್ನಷ್ಟೇ ಹೇಳಿದೆವು. ಹುಡುಗನ ಹೆಸರೆತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

ಈದ್ ಕಳೆದ ಮೇಲೆ ಅಥಣಿಯವರು ಬಂದರು. ನಮ್ಮನ್ನೂ ಕರೆದಿದ್ದರು. ಹುಡುಗನ ಉದ್ಯೋಗದ ಮಾತು ಬಂದಾಗ ತಂದೆಯವರು ಚಹದ ಬಸಿಯನ್ನು ಕೆಳಗಿಟ್ಟು, "ಈಜುಕೊಳ ತೊಳೀತಾನ, ಕಟ್ಟಿದ ಪೈಪು ಬಿಡಿಸ್ತಾನ" ಎಂದು ಸ್ಪಷ್ಟವಾಗಿ ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅನಂತರ ಹುಡುಗಿಯ ಚಿಕ್ಕಪ್ಪ, ತಮ್ಮ ಮನೆಯ ಟಾಕಿಯಿಂದಲೂ ಈಚೆಗೆ ನೀರು ಸಣ್ಣಗೆ ಬರುತ್ತಿದೆ, ಕಾರಣವೇನಿರಬಹುದು ಎಂದು ಕೇಳಿದರು.

"ನೀರು ಬೋರಿಂದೋ, ಹೊಳೀದೋ?" ಎಂದ ಹುಡುಗ.