ಬಸ್ಸಿನ ಹಿಂದೆ ಓಡಿದವರ ಮಗಳು

ರಿಜಿಸ್ಟ್ರೇಶನ್ ಆಯಿತೆಂದು ಮೊಬೈಲಿಗೆ ಮೆಸೇಜ್ ಬಂದ ದಿನವೇ ಕಾರ್ಕಳಕ್ಕೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ.

"ಫೆಬ್ರುವರಿಯಲ್ಲಿ ಮಣಿಪಾಲ ಮ್ಯಾರಥಾನ್ ಉಂಟು. 21 ಕಿಲೋಮೀಟರ್ ಓಡ್ಲಿಕ್ಕೆ ಹೆಸರು ಕೊಟ್ಟಿದ್ದೇನೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಟಿವಿಯ ಸದ್ದು ಮಾತ್ರ. ಆಮೇಲೆ, "ಎಷ್ಟು ಕೊಡ್ತಾರೆ?"

"ಅವರು ಕೊಡೋದಲ್ಲ ಅಪ್ಪ, ನಾವೇ ಕೊಡ್ಬೇಕು."

"ನಾನು 26 ವರ್ಷ ಓಡಿದ್ದಕ್ಕೆ ನನಗೆ ಸಂಬಳ ಕೊಟ್ಟಿದ್ದಾರೆ ಮಾರಾಯ್ತಿ. ನೀನು ಕೈಯಿಂದ ದುಡ್ಡು ಹಾಕಿ ಓಡ್ತೀಯಾ?"

ಅಪ್ಪ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಮ್ಮ ಕರಾವಳಿಯ ಖಾಸಗಿ ಬಸ್ಸುಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಹಿಂದಿನ ಬಸ್ಸು ಬಾಲಕ್ಕೆ ಅಂಟಿಕೊಂಡು ಬರುತ್ತಿರುತ್ತದೆ, ಮುಂದಿನ ಸ್ಟಾಪಿನ ಜನ ಯಾರಿಗೆ ಸಿಗುತ್ತಾರೆ ಅನ್ನುವುದೇ ಲೆಕ್ಕ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಂಡಕ್ಟರ್ ಇಳಿದಿರಬೇಕು. ಅಜ್ಜಿಯ ಚೀಲ ಹತ್ತಿಸಿ, ಶಾಲೆ ಮಕ್ಕಳನ್ನು ಒಳಗೆ ದೂಡಿ, "ರೈಟ್ ಪೋಯಿ" ಅಂದು ಬಸ್ಸು ಹೊರಟ ಮೇಲೆ ನಾಲ್ಕು ಹೆಜ್ಜೆ ಓಡಿ ಹಿಂದಿನ ಬಾಗಿಲಿಗೆ ನೇತುಬೀಳಬೇಕು. ಸ್ಟ್ಯಾಂಡಿನಲ್ಲಿ ಟೈಮ್ ಹಾಕಿಸಲು ಮತ್ತೆ ಓಟ. ಇದನ್ನೆಲ್ಲ ಅವರು ಮಾಡಿದ್ದು ರಬ್ಬರ್ ಚಪ್ಪಲಿಯಲ್ಲಿ. ನನ್ನ ಶೂಗೆ ಎಷ್ಟಾಯಿತು ಅಂತ ನಾನು ಇವತ್ತಿಗೂ ಅವರಿಗೆ ಹೇಳಿಲ್ಲ.

ಅವರ ಬಲಗಾಲಿನಲ್ಲಿ ಈಗ ಮೂರೇ ಬೆರಳು. ಶುಗರ್. ಐದು ವರ್ಷದ ಹಿಂದೆ ಅಂಗಳದಲ್ಲಿ ಎಂಥದೋ ಚುಚ್ಚಿದೆ, ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗದಿರುವುದೇ ಈ ಕಾಯಿಲೆಯ ಮೋಸ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಪಾದದ ನರಗಳು ಒಂದೊಂದಾಗಿ ಸುಮ್ಮನಾಗುತ್ತವೆ. ಮುಳ್ಳು ಚುಚ್ಚಿದರೂ ಸುದ್ದಿ ಮೇಲೆ ಬರುವುದಿಲ್ಲ. ರಕ್ತ ಓಡಾಟವೂ ಕಡಿಮೆಯಾದ್ದರಿಂದ ಗಾಯ ಮಾಯುವುದಿಲ್ಲ. ವಾಸನೆ ಬಂದ ಮೇಲೆ ಅಮ್ಮನಿಗೆ ಗೊತ್ತಾಗಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡು ಬೆರಳು ಹೋಗಿತ್ತು.

ಕಳೆದ ಜುಲೈಯಲ್ಲಿ ಆಫೀಸಿನ ಹೆಲ್ತ್ ಚೆಕಪ್ಪಿನಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಗಡಿ. ಅದರಾಚೆ ಅಪ್ಪ ಇದ್ದಾರೆ. ನನಗಾಗ 33 ವರ್ಷ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ, ಮಧ್ಯೆ ನಾಲ್ಕು ಚಾ, ಸಂಜೆ ಗೋಳಿಬಜೆ. ಮಣಿಪಾಲದ ಫ್ಲಾಟಿನಲ್ಲಿ ಲಿಫ್ಟ್ ಹಾಳಾದ ದಿನ ಮೂರನೇ ಮಾಳಿಗೆಗೆ ಹತ್ತಿ ಏದುಸಿರು ಬಿಡುತ್ತಿದ್ದೆ. ಡಾಕ್ಟರು ಹೇಳಿದ್ದು ದಿನಾ ಅರ್ಧ ಗಂಟೆ ನಡೆಯಿರಿ ಅಂತ ಮಾತ್ರ. ನಾನು ಹೆದರಿದವಳು, ಹೆದರಿದವರು ಯಾವಾಗಲೂ ಸ್ವಲ್ಪ ಜಾಸ್ತಿಯೇ ಮಾಡುತ್ತಾರೆ.

ಶುರು ಮಾಡಿದ್ದು ಮಣ್ಣಪಳ್ಳದ ಕೆರೆ ಸುತ್ತ, ಮಳೆ ಬಿಟ್ಟ ಸೆಪ್ಟೆಂಬರಿನಲ್ಲಿ. ಮೊದಲ ದಿನ ಎರಡು ನಿಮಿಷ ಓಡಿ ನಿಂತೆ. ಪಕ್ಕದಲ್ಲಿ ಸ್ವೆಟರ್ ಹಾಕಿಕೊಂಡು ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ನನ್ನನ್ನು ದಾಟಿ ಹೋದರು, ತಿರುಗಿ ನೋಡಲೂ ಇಲ್ಲ. ಆಮೇಲೆ ಜೆಫ್ ಗ್ಯಾಲೋವೇ ಅನ್ನುವವರ ಬಗ್ಗೆ ಓದಿದೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಹತ್ತು ಸಾವಿರ ಮೀಟರ್ ಓಡಿದ ಅಮೆರಿಕದವರು; ನಮ್ಮಂಥವರಿಗೆ ಅವರು ಹೇಳಿಕೊಟ್ಟಿದ್ದು ಮಾತ್ರ ಸ್ವಲ್ಪ ಓಡಿ, ಸ್ವಲ್ಪ ನಡೆಯಿರಿ, ಸುಸ್ತಾಗುವ ಮೊದಲೇ ನಡೆಯಿರಿ ಅಂತ. ಒಲಿಂಪಿಕ್ಸಿಗೆ ಹೋದವರೇ ನಡೆಯಬಹುದು ಅಂದ ಮೇಲೆ ನನಗೇನು ನಾಚಿಕೆ? ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಅಕ್ಟೋಬರ್ ಕೊನೆಗೆ 5 ಕಿಲೋಮೀಟರ್ ಆಯಿತು, ನವೆಂಬರ್ ಕೊನೆಗೆ 10. ವಾರಕ್ಕೆ ಮೂರು ದಿನ ಸಣ್ಣ ಓಟ, ಭಾನುವಾರ ಉದ್ದದ್ದು. ಉದ್ದದ ಓಟದಲ್ಲಿ ಪಕ್ಕದವರ ಜೊತೆ ಮಾತಾಡುವಷ್ಟು ಉಸಿರು ಉಳಿಯಬೇಕು, ಇಲ್ಲದಿದ್ದರೆ ನೀವು ಜೋರು ಓಡುತ್ತಿದ್ದೀರಿ ಅಂತ ಅರ್ಥ. ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲವಾದ್ದರಿಂದ ನಾನು ಬಸ್‌ಸ್ಟಾಪುಗಳ ಹೆಸರು ಹೇಳುತ್ತಿದ್ದೆ. ಕಡಿಯಾಳಿ, ಕುಂಜಿಬೆಟ್ಟು, ಇಂದ್ರಾಳಿ. ಅಪ್ಪನ ಮಗಳೇ ನಾನು.

ಮಣಿಪಾಲದಲ್ಲಿ ಓಡುವವರಿಗೆ ಒಂದು ಕಷ್ಟ: ಊರು ಇರುವುದೇ ಗುಡ್ಡದ ಮೇಲೆ. ಉಡುಪಿ ಕಡೆ ಇಳಿಯುವಾಗ ನೀವು ದೊಡ್ಡ ಓಟಗಾರರು, ವಾಪಸ್ ಹತ್ತುವಾಗ ನಿಮ್ಮ ನಿಜ ಗೊತ್ತಾಗುತ್ತದೆ. ಒಮ್ಮೊಮ್ಮೆ ಗುಡ್ಡ ಬೇಡವೆಂದು ಅಜ್ಜರಕಾಡಿನ ಸ್ಟೇಡಿಯಮ್ಮಿಗೆ ಹೋಗುತ್ತಿದ್ದೆ, ಆದರೆ 400 ಮೀಟರಿನ ಸುತ್ತನ್ನು ಇಪ್ಪತ್ತೈದು ಸಲ ಸುತ್ತುವುದಕ್ಕೆ ಬೇರೆಯದೇ ತಾಳ್ಮೆ ಬೇಕು.

ಉದ್ದದ ಓಟಕ್ಕೆ ಒಳ್ಳೆಯ ಜಾಗ ಕಾಪು. ಗಂಡನ ಮನೆ ಅಲ್ಲಿ. ಶನಿವಾರ ರಾತ್ರಿ ಹೋಗಿ ಉಳಿದರೆ ಭಾನುವಾರ ಬೆಳಿಗ್ಗೆ ಐದೂವರೆಗೆ ಲೈಟ್‌ಹೌಸ್ ಕಡೆಯಿಂದ ಹೊರಡಬಹುದು. 1901ರಲ್ಲಿ ಕಟ್ಟಿದ ಲೈಟ್‌ಹೌಸ್ ಅದು, ಬಂಡೆಯ ಮೇಲೆ ನಿಂತಿದೆ. ಅಲ್ಲಿಂದ ಉತ್ತರಕ್ಕೆ ಕೈಪುಂಜಾಲು, ಮಟ್ಟು. ಎಡಗಡೆ ಸಮುದ್ರ, ಮುಂದೆ ಹೋದಂತೆ ಬಲಗಡೆ ಹೊಳೆ, ನಡುವೆ ಸಪೂರ ರಸ್ತೆ. ಗುಡ್ಡವೇ ಇಲ್ಲ. ಮಟ್ಟುಗುಳ್ಳ ಅಂತ ನಾವು ಹುಳಿಗೆ ಹಾಕುತ್ತೇವಲ್ಲ, ಆ ಬದನೆಯ ಊರು. ಮೊದಲು ಹುಮ್ಮಸ್ಸಿನಲ್ಲಿ ಮರಳಿನ ಮೇಲೇ ಓಡಿದೆ, ಸಿನಿಮಾದಲ್ಲಿ ಓಡುತ್ತಾರಲ್ಲ ಹಾಗೆ. ಎರಡು ದಿನ ಮೀನಖಂಡ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗಲಿಲ್ಲ. ಸೆಕೆಯಂತೂ ಡಿಸೆಂಬರಿನಲ್ಲೂ ಬಿಡುವುದಿಲ್ಲ. ಬೆಂಗಳೂರಿನ ಗೆಳತಿಯರು ಬೆವರು ಒರೆಸಿಕೊಳ್ಳುತ್ತಾರೆ, ನಾವು ಹಿಂಡುತ್ತೇವೆ. ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ.

ಅತ್ತೆಗೆ ನನ್ನ ಓಟಕ್ಕಿಂತ ನನ್ನ ಟೈಟ್ಸಿನ ಚಿಂತೆ ಜಾಸ್ತಿ. "ಓಡು, ಬೇಡ ಹೇಳುದಿಲ್ಲ. ಮೇಲಿಂದ ಎಂಥಾದ್ರೂ ಉದ್ದದ್ದು ಹಾಕಿಕೊಳ್ಳಬಹುದಲ್ಲ?" ಮೀನು ತರಲು ಹೊರಟ ಹೆಂಗಸರು ಟೆಂಪೋದಿಂದ ಬಗ್ಗಿ ನೋಡುತ್ತಿದ್ದರು. ಬೈಕಿನ ಹುಡುಗರು ಹತ್ತಿರ ಬಂದು ನಿಧಾನ ಮಾಡುತ್ತಿದ್ದರು. ಅದಕ್ಕೆ ನಾನು ಕೈಯಲ್ಲೊಂದು ಕೋಲು ಹಿಡಿದೆ, ನಾಯಿಗೆ ಅಂತ ಹೇಳಿಕೊಂಡು. ಒಂದು ಭಾನುವಾರ ಅತ್ತೆಯೇ ನೆರೆಮನೆಯವರಿಗೆ, "ಅವಳಿಗೆ ಡಾಕ್ಟರು ಓಡ್ಲಿಕ್ಕೆ ಹೇಳಿದ್ದು" ಅನ್ನುವುದು ಕೇಳಿಸಿತು. ಸುಳ್ಳು. ಆದರೂ ಆವತ್ತಿನಿಂದ ನಾನು ಬರುವ ಹೊತ್ತಿಗೆ ಜಗಲಿಯಲ್ಲಿ ಒಂದು ಚೊಂಬು ಗಂಜಿತಿಳಿ, ಉಪ್ಪು ಹಾಕಿದ್ದು, ಮುಚ್ಚಿ ಇಟ್ಟಿರುತ್ತಿತ್ತು. ಅಂಗಡಿಯ ಪ್ಯಾಕೆಟ್ಟಿನ ಪುಡಿಗಿಂತ ನನಗೆ ಅದೇ ಹಿಡಿಸಿತು.

ಅಪ್ಪನ ತಮಾಷೆ ಮಾತ್ರ ನಿಲ್ಲಲಿಲ್ಲ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು, ಬೋಲ್ಟಿಗೆ ಹೋಲಿಸಿ ದೇಶವೆಲ್ಲ ಸುದ್ದಿಯಾಗಿದ್ದು ನಿಮಗೆ ನೆನಪಿರಬಹುದು. ಅದನ್ನು ಎತ್ತಿಕೊಂಡು ಅಪ್ಪ, "ಅವರ ಮುಂದೆ ಕೋಣ ಉಂಟು. ನಿನ್ನ ಮುಂದೆ ಎಂಥ ಉಂಟು?" ಅಂದರು. ನಿಮ್ಮ ಕಾಲು ಉಂಟು ಅಂತ ಬಾಯಿತನಕ ಬಂದದ್ದನ್ನು ನುಂಗಿಕೊಂಡೆ.

ಡಿಸೆಂಬರ್ ಮಧ್ಯದಲ್ಲಿ 14 ಕಿಲೋಮೀಟರ್ ಓಡಿದ ಮೇಲೆ ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಯಿತು. ಓಡುವವರಿಗೆ ಇದು ಹೊಸತಲ್ಲ. ಶೂ ಸ್ವಲ್ಪ ಬಿಗಿ ಇದ್ದರೆ ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಹೊಡೆದು ಉಗುರಿನಡಿ ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ವಾರ ಬಿಟ್ಟು ಉಗುರು ಉದುರಿ ಹೊಸತು ಬರುತ್ತದೆ. ಹಾಗಂತ ಓದಿ ಸಮಾಧಾನ ಮಾಡಿಕೊಂಡಿದ್ದೆ. ಆ ಸಂಜೆ ಕಾರ್ಕಳಕ್ಕೆ ಹೋದವಳು ಚಾವಡಿಯಲ್ಲಿ ಕಾಲು ಚಾಚಿ ಕೂತೆ. ಅಪ್ಪ ಟಿವಿ ನೋಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಎದ್ದರು.

"ಎಂಥದದು?"

"ಉಗುರು. ಎಂಥ ಇಲ್ಲ ಅಪ್ಪ."

"ಎಂಥ ಇಲ್ಲ ಅಂತ ನಾನೂ ಹೇಳಿದ್ದೆ."

ಒಳಗೆ ಹೋಗಿ ಟಾರ್ಚ್ ತಂದರು. ನೆಲದ ಮೇಲೆ ಕೂತುಕೊಳ್ಳುವುದು ಅವರಿಗೆ ಕಷ್ಟ, ಆದರೂ ಕೂತರು. ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳಿನ ಸಂದಿ ಬಿಡಿಸಿ ನೋಡಿದರು. ಒತ್ತಿ, ನೋವಾಗ್ತದಾ ಕೇಳಿದರು. ಆಗ್ತದೆ ಅಂದೆ. ಇನ್ನೊಂದು ಬೆರಳು ಒತ್ತಿ ಇದು ಅಂದರು. ಇಲ್ಲ, ಅದು ಸರಿ ಇದೆ ಅಂದೆ. "ಗೊತ್ತಾಗ್ತದಾ ಅಂತ ಕೇಳಿದ್ದು." ಗೊತ್ತಾಗ್ತದೆ ಅಂದೆ. ಹತ್ತೂ ಬೆರಳಿಗೆ ಹೀಗೇ. ಅವರ ಕೈ ನಡುಗುತ್ತಿತ್ತು. ಈ ಪರೀಕ್ಷೆಯನ್ನು ದಿನಾ ರಾತ್ರಿ ತನ್ನ ಕಾಲಿಗೆ ಮಾಡಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಅವರಿಗೆ ಹೇಳಿ ಕಳಿಸಿದ್ದರು. ಐದು ವರ್ಷದಲ್ಲಿ ಅವರು ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೂ ನನ್ನ ಕಾಲಿಗೆ.

"ಈಗ ನಿಮ್ಮದು ತೋರಿಸಿ."

ತೋರಿಸಲಿಲ್ಲ. ಅಮ್ಮ ಅಡುಗೆಮನೆಯಿಂದ ಎಂಥದೋ ಹೇಳಿದರು, ಅದಕ್ಕೂ ಬಗ್ಗಲಿಲ್ಲ. ಕೊನೆಗೆ ನಾನು, ನಿಮ್ಮ ಕಾಲು ತೋರಿಸದಿದ್ದರೆ ನಾಳೆ ಇದೇ ಉಗುರಿನಲ್ಲಿ ಹತ್ತು ಕಿಲೋಮೀಟರ್ ಓಡುತ್ತೇನೆ ಅಂದೆ. ಹಲ್ಲುಜ್ಜುವಲ್ಲಿ ನೇತುಹಾಕಿದ್ದ ಶೇವಿಂಗ್ ಕನ್ನಡಿ ತಂದು ಪಾದದ ಅಡಿಗೆ ಹಿಡಿದೆ. ಬಲ ಹಿಮ್ಮಡಿಯ ಬಿರುಕಿನಲ್ಲಿ ಕಡಲೆಬೇಳೆಯಷ್ಟು ಅಗಲದ ಗಾಯ, ಅಂಚು ಬೆಳ್ಳಗಾಗಿತ್ತು. ಅಪ್ಪ ಕನ್ನಡಿಯಲ್ಲಿ ನೋಡಿ, "ಅದು ಯಾವಾಗ ಆದದ್ದು?" ಅಂತ ನನ್ನನ್ನೇ ಕೇಳಿದರು.

ಮರುದಿನ ಆಸ್ಪತ್ರೆ. ಮೂಳೆಗೆ ಇಳಿದಿರಲಿಲ್ಲ. ಡ್ರೆಸ್ಸಿಂಗು, ಮಾತ್ರೆ ಬಿಟ್ಟು ಇನ್ಸುಲಿನ್, ಹಿಮ್ಮಡಿ ಊರಬಾರದು, ಮೆತ್ತನೆ ಎಂಸಿಆರ್ ಚಪ್ಪಲಿ ಇಲ್ಲದೆ ಬಚ್ಚಲಿಗೂ ಹೋಗಬಾರದು. ಸುಮಾರು ಆರು ವಾರ ಹಿಡಿಯಿತು. ಆ ಆರು ವಾರ ನಾನು ದಿನ ಬಿಟ್ಟು ದಿನ ಸಂಜೆ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿ, ಬೆಳಿಗ್ಗೆ ಆನೆಕೆರೆಯ ಕಡೆ ಓಡಿ, ಮತ್ತೆ ಮಣಿಪಾಲಕ್ಕೆ ಬಂದು ಲಾಗಿನ್ ಆಗುತ್ತಿದ್ದೆ. ಟ್ರೈನಿಂಗ್ ಪ್ಲಾನ್ ಹರಿದು ಹೋಯಿತು. 18 ಓಡಬೇಕಾದ ಭಾನುವಾರ 11 ಓಡಿದೆ. ಒಂದು ವಾರ ಪೂರ್ತಿ ಬಿಟ್ಟೆ. ಆದರೆ ಓಟ ನಿಲ್ಲಿಸು ಅಂತ ಅಪ್ಪ ಒಂದು ಸಲವೂ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ ಕನ್ನಡಿ ಬರುತ್ತಿತ್ತು. ಮೊದಲು ನನ್ನ ಕಾಲು, ಆಮೇಲೆ ಅವರದ್ದು. ಅಮ್ಮನಿಗೆ ಇದು ನೋಡಿ ನಗು.

ಜನವರಿಯ ಕೊನೆಯಲ್ಲಿ ಗಾಯ ಮುಚ್ಚಿತು.

ಓಟದ ದಿನದ ಬಗ್ಗೆ ಹೇಳಲಿಕ್ಕೆ ಹೆಚ್ಚೇನಿಲ್ಲ. ನಸುಕಿನಲ್ಲಿ ಲೌಡ್‌ಸ್ಪೀಕರಿನ ಹಾಡು, ಕಾಲೇಜು ಹುಡುಗರ ಸೆಲ್ಫಿ, ಸಾಲಿನಲ್ಲಿ ನಿಂತವರೆಲ್ಲ ನನಗಿಂತ ಸಪೂರ. ಮೊದಲ ಐದು ಕಿಲೋಮೀಟರ್ ಎಲ್ಲರ ಹಾಗೆ ನಾನೂ ಜೋರು ಹೋದೆ, ಹೋಗಬಾರದು ಅಂತ ಗೊತ್ತಿದ್ದೂ. 12ರವರೆಗೆ ಚೆನ್ನಾಗಿತ್ತು. 16ರ ಹತ್ತಿರ ಏರು ಬಂತು. ಆರು ವಾರ ನುಂಗಿದ ಓಟಗಳ ಲೆಕ್ಕವನ್ನು ಕಾಲು ಅಲ್ಲಿ ಒಟ್ಟಿಗೆ ಕೇಳಿತು. ಬಲ ಮೀನಖಂಡ ಗಂಟು ಕಟ್ಟಿ ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತೆ. ನೀರಿನ ಟೇಬಲ್ಲಿನ ಹುಡುಗ, ಎಂಟನೇ ಕ್ಲಾಸು ಇರಬಹುದು, ಲೋಟ ಹಿಡಿದು ಓಡಿ ಬಂದ. "ಅಕ್ಕಾ, ಬೇಜಾರು ಮಾಡ್ಬೇಡಿ. ನಿಮ್ಮ ಹಿಂದೆ ಇನ್ನೂ ಏಳು ಜನ ಉಂಟು." ಎಣಿಸಿಟ್ಟಿದ್ದ.

ನಗು ಬಂತು. ಕಾಲು ನೋಯುತ್ತಿತ್ತು, ಪ್ರತಿ ಬೆರಳೂ ಬೇರೆ ಬೇರೆಯಾಗಿ. ಶೂ ಒಳಗೆ ಒಂದೊಂದಾಗಿ ಅಲ್ಲಾಡಿಸಿ ನೋಡಿದೆ. ಗೊತ್ತಾಗ್ತದಾ? ಗೊತ್ತಾಗ್ತದೆ. ಎದ್ದು ಏರನ್ನು ನಡೆದೇ ಹತ್ತಿದೆ. ಸಮತಟ್ಟಿನಲ್ಲಿ ಓಡಿದೆ, ಮತ್ತೆ ನಡೆದೆ. 2 ಗಂಟೆ 51 ನಿಮಿಷ. ಎರಡೂವರೆ ಗಂಟೆ ಅಂತ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಏಳು ಜನರಲ್ಲಿ ಇಬ್ಬರು ಕೊನೆಯಲ್ಲಿ ನನ್ನನ್ನು ದಾಟಿದರು, ಅದನ್ನೂ ಹೇಳಿಬಿಡುತ್ತೇನೆ. ಮಾರ್ಚಿನ ಟೆಸ್ಟಿನಲ್ಲಿ ನನ್ನದು 5.8. ಗಡಿಯ ಒಳಗೇ ಇದ್ದೇನೆ, ಸ್ವಲ್ಪ ಈಚೆ ಸರಿದು.

ಬನ್ಸ್ ತಿಂದು, ಸ್ನಾನ ಮಾಡಿ ಮಧ್ಯಾಹ್ನದ ಬಸ್ಸಿಗೆ ಕಾರ್ಕಳಕ್ಕೆ ಹೊರಟೆ. ಸೀಟು ಸಿಗಲಿಲ್ಲ. ಪರ್ಕಳ ದಾಟುವವರೆಗೂ ಕಂಬಿ ಹಿಡಿದು ನಿಂತೆ. ಸಣ್ಣ ಪ್ರಾಯದ ಕಂಡಕ್ಟರ್ ಚಲಿಸುವ ಬಸ್ಸಿನಿಂದ ಇಳಿದು, ಹತ್ತಿ, ಮತ್ತೆ ಇಳಿದು ಓಡುತ್ತಿದ್ದ. ಅವನ ಕಾಲಿನಲ್ಲೂ ರಬ್ಬರ್ ಚಪ್ಪಲಿ.

ಅಪ್ಪ ಮೆಡಲನ್ನು ಕೈಯಲ್ಲಿ ತೂಗಿ ನೋಡಿದರು. "ಬಂಗಾರ ಅಲ್ಲ ಅಲ್ವಾ?"

"ಅಲ್ಲ."

"ಎಷ್ಟನೆಯವಳು ಬಂದಿ?"

"ಕೊನೆಯಿಂದ ಆರನೆಯವಳೋ ಏನೋ."

"ಕಾಲು ತೋರಿಸು," ಅಂದರು. ಅಮ್ಮ ಆಗಲೇ ಕನ್ನಡಿ ತರಲು ಒಳಗೆ ಹೋಗಿದ್ದರು.