ಒಳಜಾಡು, ಹೊರಜಾಡು

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ತಂದೆತಾಯಿಗಳಿಗೆ ನ್ಯಾಯಾಧೀಶರ ಉದ್ಯೋಗವು ಕೇಳದೆಯೇ ಬಂದೊದಗುವುದು. ಹೋಳಿಗೆಯನ್ನು ಎರಡು ಮಾಡಿದರೆ ಯಾವ ಹೋಳು ದೊಡ್ಡದು, ಬಸ್ಸಿನಲ್ಲಿ ಕಿಟಕಿಯ ಬಳಿ ಯಾರು ಕೂಡಬೇಕು, ಎಂಬ ವ್ಯಾಜ್ಯಗಳಿಗೆ ಕೊನೆಯೆಂಬುದಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಇಂಥ ವ್ಯಾಜ್ಯವೊಂದು ಪ್ಲೈವುಡ್ ಹಲಗೆಯೊಂದರ ಮೇಲೆ ಹುಟ್ಟಿ, ಅದೇ ಹಲಗೆಯ ಮೇಲೆ ತೀರ್ಮಾನವಾಯಿತು. ಅದರ ಬಗೆಯನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದು ಬಯಸುತ್ತೇವೆ.

ಮೊದಲು ಆ ಆಟದ ಪರಿಚಯವನ್ನು ಹೇಳಬೇಕಷ್ಟೆ. ಹಲಗೆಯಲ್ಲಿ ಕಿರಿದಾದ ಜಾಡೊಂದನ್ನು ಕೊರೆದು, ಅದರ ಎರಡು ಅಂಚುಗಳಿಗೂ ತಾಮ್ರದ ಪಟ್ಟಿಯನ್ನಂಟಿಸಿ, ಅವುಗಳ ಮೂಲಕ ವಿದ್ಯುತ್ತನ್ನು ಹರಿಸುವರು. ಗೇಣುದ್ದಕ್ಕೂ ಕಡಮೆಯಾದ ಕಾರಿನ ಹೊಟ್ಟೆಯ ಕೆಳಗೆ ನಾಲಗೆಯಂಥ ಒಂದು ತುಂಡು ಇರುವುದು. ಅದು ಜಾಡಿನೊಳಗಿಳಿದು ಕಾರಿಗೆ ದಾರಿ ತೋರುವುದು. ಅದರ ಎರಡು ಪಕ್ಕಗಳಲ್ಲಿರುವ ತಂತಿಯ ಜಡೆಗಳು ತಾಮ್ರವನ್ನು ಸವರುತ್ತ ಮೋಟಾರಿಗೆ ವಿದ್ಯುತ್ತನ್ನು ಮುಟ್ಟಿಸುವುವು. ಕಾರಿಗೆ ಚುಕ್ಕಾಣಿಯಿಲ್ಲ. ಆಡುವವರು ಕೈಯಲ್ಲಿರುವ ಗುಂಡಿಯನ್ನು ಒತ್ತಿದಷ್ಟೂ ವೇಗ ಹೆಚ್ಚುವುದು. ಬಿಟ್ಟರೆ ಕಾರು ನಿಲ್ಲುವುದು. ತಿರುವಿನಲ್ಲಿ ವೇಗ ಮಿತಿಮೀರಿದರೆ ಕಾರು ಜಾಡಿನಿಂದ ಹಾರಿಬೀಳುವುದು. ಇದಕ್ಕೆ ಸ್ಲಾಟ್ ಕಾರೆಂದು ಹೆಸರು. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬವರು, ಮೊದಲು ಕೀಲಿ ಕೊಟ್ಟು ಓಡಿಸುತ್ತಿದ್ದ ತಮ್ಮ ತಗಡಿನ ಕಾರುಗಳಿಗೆ ವಿದ್ಯುತ್ ಮೋಟಾರನ್ನು ಕೂಡಿಸಿ, ೧೯೫೭ರಲ್ಲಿ 'ಸ್ಕೇಲೆಕ್ಸ್‌ಟ್ರಿಕ್' ಎಂಬ ಹೆಸರಿನಿಂದ ಹೊರತಂದ ಮೇಲೆ ಈ ಆಟವು ಅಲ್ಲಿಯ ಮನೆಮನೆಗೂ ಹಬ್ಬಿತು.

ಸಿದ್ಧವಾದ ದಾರಿಯ ತುಂಡುಗಳು ದೊರೆಯುವುವಾದರೂ ಅವುಗಳ ಬೆಲೆಯು ನಮ್ಮಂಥ ಗೃಹಸ್ಥರ ಕಿಸೆಗೆ ಒಗ್ಗುವಂಥದಲ್ಲ. ಆದುದರಿಂದ ಎರಡು ಕಾರುಗಳನ್ನೂ ಎರಡು ಕೈಗುಂಡಿಗಳನ್ನೂ ಮಾತ್ರ ತರಿಸಿ, ದಾರಿಯನ್ನು ಮನೆಯಲ್ಲಿಯೇ ಮಾಡುವುದೆಂದು ನಿಶ್ಚಯಿಸಿದೆವು. ಈ ಕಾರ್ಯಕ್ಕೆ ಹರಿಹರದಿಂದ ನಮ್ಮ ಸೋದರಮಾವನವರನ್ನು ಕರೆಯಿಸಿಕೊಂಡೆವು. ತುಂಗಭದ್ರೆಯ ದಡದ ಆ ಊರಿನಲ್ಲಿ ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ಹೆಸರಾಯಿತು. ಆ ಕಾರ್ಖಾನೆ ಈಗ ನಡೆಯುತ್ತಿಲ್ಲ. ಆದರೆ ಅಳತೆಯ ಶಿಸ್ತು ಆ ಊರಿನ ಎಷ್ಟೋ ಮನೆಗಳಲ್ಲಿ ಉಳಿದುಬಂದಿದೆ. ನಮ್ಮ ಮಾವನವರೂ ಒಂದು ಚಿಕ್ಕ ಕಾರ್ಯಾಗಾರದಲ್ಲಿ ಲೇತ್ ಹಿಡಿದು ಜೀವನ ಸಾಗಿಸಿದವರು. ಕಣ್ಣಳತೆಯನ್ನು ಅವರು ನಂಬುವುದಿಲ್ಲ.

ಅಂಗಡಿಯಲ್ಲಿ ದೊರೆಯುವ ಪ್ಲೈವುಡ್ ಹಲಗೆಯು ೨೪೪ ಸೆಂಟಿಮೀಟರು ಉದ್ದ, ೧೨೨ ಸೆಂಟಿಮೀಟರು ಅಗಲವಿರುವುದು. ೧೨ ಮಿಲಿಮೀಟರು ದಪ್ಪದ ಹಲಗೆಯನ್ನು ಆರಿಸಿ, ಬಾಗದಿರಲೆಂದು ಅಡಿಯಲ್ಲಿ ರೀಪುಗಳನ್ನು ಹೊಡೆಸಿದೆವು. ನಡುವೆ ೧೨೨ ಸೆಂಟಿಮೀಟರಿನ ನೇರದಾರಿ ಎರಡು. ಎರಡು ತುದಿಗಳಲ್ಲಿಯೂ ಅರ್ಧವೃತ್ತಗಳು. ಹೀಗೆ ಅಂಡಾಕಾರದ ನಕ್ಷೆಯನ್ನು ಬರೆದೆವು. ಹೊರಜಾಡಿನ ತಿರುವಿಗೆ ೫೦ ಸೆಂಟಿಮೀಟರು ತ್ರಿಜ್ಯ, ಒಳಜಾಡಿನದಕ್ಕೆ ೪೧. ನಡುವೆ ಬಿಟ್ಟ ೯ ಸೆಂಟಿಮೀಟರು, ಕಾರುಗಳು ಒಂದನ್ನೊಂದು ಉಜ್ಜದಿರುವುದಕ್ಕಾಗಿ. ತಿರುವಿನಲ್ಲಿ ಕಾರಿನ ಬಾಲವು ಹೊರಕ್ಕೆ ಜಾರುವುದರಿಂದ ಹೊರಜಾಡಿಗೂ ಹಲಗೆಯ ಅಂಚಿಗೂ ೧೧ ಸೆಂಟಿಮೀಟರು ಎಡೆಯನ್ನಿಟ್ಟೆವು. ಮರದ ಪಟ್ಟಿಯೊಂದರ ತುದಿಯನ್ನು ಮೊಳೆಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಬಡಗಿಯ ರೌಟರ್ ಯಂತ್ರವನ್ನು ಬಿಗಿದು, ಕೈವಾರದಂತೆ ತಿರುಗಿಸಿದಾಗ ೩ ಮಿಲಿಮೀಟರು ಅಗಲ, ೮ ಮಿಲಿಮೀಟರು ಆಳದ ಜಾಡು ಗೆರೆ ಎಳೆದಂತೆ ಮೂಡಿತು. ರೈಲುದಾರಿಯ ತಿರುವಿನಲ್ಲಿ ಹೊರಗಂಬಿಯನ್ನು ಎತ್ತರಿಸುವಂತೆ ನಾವೂ ತಿರುವನ್ನು ಓರೆ ಮಾಡಬಹುದಾಗಿತ್ತು. ಒಂದೇ ಹಲಗೆಯನ್ನು ಹಾಗೆ ಬಾಗಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲವೆಂದು ಸಮತಟ್ಟಾಗಿಯೇ ಬಿಟ್ಟೆವು. ಅಂಗಡಿಯ ಕಾರುಗಳಲ್ಲಿ ಎಷ್ಟೋ ಕಾರುಗಳು ಹೊಟ್ಟೆಯಲ್ಲಿನ ಅಯಸ್ಕಾಂತದಿಂದ ದಾರಿಯ ಉಕ್ಕಿನ ಕಂಬಿಯನ್ನು ಹಿಡಿದುಕೊಂಡು ಓಡುವುವು. ತಾಮ್ರವನ್ನು ಅಯಸ್ಕಾಂತ ಹಿಡಿಯದು. ನಮ್ಮ ಹಲಗೆಯ ಮೇಲೆ ಕೈಯ ಹದವೊಂದೇ ಆಧಾರ.

ಎರಡು ಜಾಡುಗಳಿಗೂ ಒಂದೇ ಮೂಲದಿಂದ ವಿದ್ಯುತ್ತು ಕೊಟ್ಟರೆ, ಒಂದು ಕಾರು ಬಿದ್ದಾಗ ಇನ್ನೊಂದು ಥಟ್ಟನೆ ವೇಗ ಪಡೆಯುವುದುಂಟು. ಆ ಪಕ್ಷಪಾತವೂ ಬೇಡವೆಂದು ಒಂದೊಂದು ಜಾಡಿಗೂ ೧೨ ವೋಲ್ಟಿನ ಬೇರೆ ಬೇರೆ ಏರ್ಪಾಡನ್ನು ಮಾಡಿದೆವು. ಒಂದೇ ತರಹದ ಕಾರುಗಳು, ಒಂದೇ ವಿದ್ಯುತ್ತು, ಒಂದೇ ಇಪ್ಪತ್ತು ಸುತ್ತು. ಆಟವು ಪ್ರಾರಂಭವಾಯಿತು.

ಹತ್ತು ವರ್ಷದ ಮಗನು ಓಡಿಬಂದು ಒಳಜಾಡನ್ನು ಹಿಡಿದನು. ಹನ್ನೆರಡು ವರ್ಷದ ಮಗಳು ಉಳಿದುದನ್ನು ತೆಗೆದುಕೊಂಡಳು. ಅವಳು ಮೊದಲ ದಿನ ಸೋತಳು. ಎರಡನೆಯ ದಿನವೂ ಸೋತಳು. ವಾರ ಕಳೆಯುವಷ್ಟರಲ್ಲಿ ಸೋಲು ಅವಳ ಪಾಲಿನ ವಾಡಿಕೆಯಾಯಿತು. ಮೂಲೆಯಲ್ಲಿ ಅಕ್ಕಿಯನ್ನಾರಿಸುತ್ತಿದ್ದ ನಮ್ಮ ತಾಯಿಯವರು, "ಹೆಣ್ಣುಮಕ್ಕಳಿಗೆ ಇವೆಲ್ಲ ಎಲ್ಲಿಂದ ಬರಬೇಕು? ಬಿಡವ್ವಾ, ತಮ್ಮ ಆಡ್ಲಿ" ಎಂದು ತೀರ್ಪು ಹೇಳಿದರು. ಮಗಳು ಗುಂಡಿಯನ್ನು ಕೆಳಗಿಟ್ಟು ಎದ್ದುಹೋದಳು. ಆ ದಿನ ಊಟದ ಹೊತ್ತಿನಲ್ಲಿ ಅವಳು, ತನಗೆ ಲೆಕ್ಕವೂ ಯಂತ್ರಗಳೂ ಹಿಡಿಸವೆಂದು ತಾನಾಗಿಯೇ ಹೇಳಿದಾಗ ನಮ್ಮ ಮನಸ್ಸು ಕಲಕಿತು. ಆಟದ ಸೋಲು ಆಟದಲ್ಲಿಯೇ ಉಳಿದಿರಲಿಲ್ಲ.

ಮಾವನವರು ಎಲ್ಲವನ್ನೂ ಕೇಳುತ್ತಿದ್ದರು. ಮರುದಿನ ಬೆಳಿಗ್ಗೆ ಅವರು ಮಗಳ ಕೈಗೆ ನೂಲಿನ ಉಂಡೆಯೊಂದನ್ನು ಕೊಟ್ಟು, "ಓಡ್ಸೋದು ಆಮೇಲೆ, ಮೊದಲು ದಾರಿ ಅಳಿಯವ್ವಾ" ಎಂದರು. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಗೆ ಹೆಸರಾಗಿದ್ದ ಊರಿನಲ್ಲಿ ನೂಲಿಗೆ ಬರವೇ? ಅವಳು ಜಾಡಿನಗುಂಟ ನೂಲನ್ನಿಳಿಸಿ, ಎತ್ತಿ, ಅಡ್ಡಪಟ್ಟಿಗೆ ಹಿಡಿದು ನೋಡಿದಳು. ಒಳಜಾಡಿನ ಸುತ್ತು ಸುಮಾರು ೫೦೨ ಸೆಂಟಿಮೀಟರು, ಹೊರಜಾಡಿನದು ೫೫೮. ಒಂದು ಸುತ್ತಿಗೆ ಐವತ್ತಾರು ಸೆಂಟಿಮೀಟರು ಭೇದ. ಇಪ್ಪತ್ತು ಸುತ್ತಿಗೆ ಅದು ಹನ್ನೊಂದು ಮೀಟರಿಗೂ ಮಿಕ್ಕಿತು. ಎಂದರೆ, ತಮ್ಮನು ಇಪ್ಪತ್ತು ಸುತ್ತು ಓಡಿಸುವಷ್ಟರಲ್ಲಿ ಅಕ್ಕನು ಅವನಿಗಿಂತ ಹೆಚ್ಚಾಗಿ ಎರಡು ಸುತ್ತಿನ ದೂರವನ್ನು ಓಡಿಸಬೇಕಾಗಿದ್ದಿತು!

"ಹಾಗಾದರೆ ದೊಡ್ಡ ಹಲಗೆ ತಂದರೆ ಸರಿಹೋಗುತ್ತಾ, ಅಜ್ಜಾ?" ಎಂದು ಅವಳು ಕೇಳಿದಳು. ಮಾವನವರು ನಕ್ಕು, ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಲೆಕ್ಕವನ್ನು ಬಿಡಿಸಿದರು. ನೇರದಾರಿಗಳು ಇಬ್ಬರಿಗೂ ಸಮ. ಎರಡು ಅರ್ಧವೃತ್ತಗಳು ಕೂಡಿದರೆ ಒಂದು ಪೂರ್ಣವೃತ್ತ. ವೃತ್ತದ ಸುತ್ತಳತೆಯು ತ್ರಿಜ್ಯದ ೬.೨೮ ಪಾಲು. ಆದುದರಿಂದ ತ್ರಿಜ್ಯದಲ್ಲಿ ೯ ಸೆಂಟಿಮೀಟರು ಭೇದವಿದ್ದರೆ ಸುತ್ತಿನಲ್ಲಿ ಐವತ್ತಾರೂವರೆ ಭೇದ. ಹಲಗೆಯ ಅಳತೆಗೆ ಈ ಲೆಕ್ಕದಲ್ಲಿ ಸ್ಥಳವೇ ಇಲ್ಲ. ಹರಿಹರವು ದಾವಣಗೆರೆಗೆ ಸುಮಾರು ೧೪ ಕಿಲೋಮೀಟರು. ಈ ಎರಡು ಊರುಗಳನ್ನೂ ಬಳಸಿ ಅಂಡಾಕಾರದ ದಾರಿಯನ್ನು ಕೊರೆದರೂ, ಜಾಡುಗಳ ನಡುವೆ ೯ ಸೆಂಟಿಮೀಟರೇ ಇದ್ದರೆ, ಒಂದು ಸುತ್ತಿಗೆ ಹೊರಗಿನವರಿಗೆ ಬೀಳುವ ಹೆಚ್ಚಿನ ದೂರ ಅದೇ ಐವತ್ತಾರೂವರೆ ಸೆಂಟಿಮೀಟರು. ಈ ಮಾತನ್ನು ಮಗಳು ನಂಬಲಿಲ್ಲ. ತಾನೇ ಮೂರು ಬೇರೆ ಅಳತೆಗಳಿಂದ ಲೆಕ್ಕ ಮಾಡಿ, ಮೂರು ಸಲವೂ ಅದೇ ಉತ್ತರ ಬಂದ ಮೇಲೆ ನಂಬಿದಳು.

ಹೊರಜಾಡಿಗೂ ತನ್ನದೇ ಆದ ಗುಣವೊಂದುಂಟು. ತಿರುವು ದೊಡ್ಡದಾದಷ್ಟೂ ಕಾರು ಬೀಳದೆ ತಾಳುವ ವೇಗ ಹೆಚ್ಚು. ಆದರೆ ಆ ವೇಗವು ತ್ರಿಜ್ಯದ ವರ್ಗಮೂಲದಷ್ಟೇ ಬೆಳೆಯುವುದು. ನಮ್ಮ ಹಲಗೆಯ ತಿರುವಿನಲ್ಲಿ ಹೊರಗಿನ ಕಾರಿಗೆ ದೂರವು ನೂರಕ್ಕೆ ೨೨ರಷ್ಟು ಹೆಚ್ಚು. ತಾಳುವ ವೇಗವು ನೂರಕ್ಕೆ ೧೦ರಷ್ಟು ಮಾತ್ರ ಹೆಚ್ಚು. ಕೈ ಪಳಗಿದವರು ಹೊರಜಾಡಿನಲ್ಲಿ ಸ್ವಲ್ಪ ನಷ್ಟವನ್ನು ತುಂಬಿಕೊಳ್ಳಬಹುದು; ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ.

ಪರಿಹಾರಗಳನ್ನು ಒಂದೊಂದಾಗಿ ತೂಗಿ ನೋಡಿದೆವು. ಓಟದ ಮೈದಾನದಲ್ಲಿ ಹೊರಗಿನ ಓಟಗಾರರನ್ನು ಮುಂದೆ ನಿಲ್ಲಿಸುವರಲ್ಲವೆ? ಇಪ್ಪತ್ತು ಸುತ್ತಿನ ಆಟದಲ್ಲಿ ಹಾಗೆ ಮಾಡಿದರೆ ಎರಡು ಸುತ್ತು ಮುಂದೆ ನಿಲ್ಲಿಸಬೇಕಾಗುವುದು. ಆಗ ಆಟದ ರುಚಿಯೇ ಕೆಡುವುದು. ಎಂಟರ ಅಂಕಿಯಂತೆ ದಾರಿಯನ್ನು ಕೊರೆದರೆ ಒಂದು ತಿರುವಿನಲ್ಲಿ ಒಳಗಿದ್ದ ಕಾರು ಇನ್ನೊಂದರಲ್ಲಿ ಹೊರಗಾಗಿ ದೂರಗಳು ಸಮವಾಗುವುವು. ಆದರೆ ದಾರಿಗಳು ಅಡ್ಡಹಾಯುವಲ್ಲಿ ಡಿಕ್ಕಿ ತಪ್ಪದು, ಸೇತುವೆ ಕಟ್ಟಲು ಈ ಹಲಗೆ ಸಾಲದು. ಕಡೆಗೆ ಉಳಿದುದು ಬಹು ಸರಳವಾದ ಉಪಾಯ: ಹತ್ತು ಸುತ್ತಿಗೆ ಜಾಡು ಬದಲಾಯಿಸುವುದು, ಎರಡು ಜಾಡುಗಳಲ್ಲಿಯೂ ತೆಗೆದುಕೊಂಡ ಹೊತ್ತನ್ನು ಕೂಡಿಸಿ ಗೆಲುವನ್ನು ನಿರ್ಣಯಿಸುವುದು.

ಹೊಸ ನಿಯಮದಂತೆ ಆಡಿದ ಮೊದಲ ದಿನ ಮಗಳು ಗೆದ್ದಳು, ಮರುದಿನ ಮಗನು ಗೆದ್ದನು. ಆಗ ಮಾವನವರು ನಮ್ಮ ತಾಯಿಯವರ ಕಡೆಗೆ ತಿರುಗಿ ಮೆಲ್ಲಗೆ, "ಅಕ್ಕಾ, ನಿನಗೇನು ಬುದ್ಧಿ ಕಡಿಮೆ ಇತ್ತಾ? ನನಗೆ ಒಳಜಾಡು ಕೊಟ್ರು, ನಿನಗೆ ಹೊರಜಾಡು. ಅಷ್ಟೇ ಐತಿ" ಎಂದರು. ಅಕ್ಕನನ್ನು ನಾಲ್ಕನೆಯ ತರಗತಿಗೇ ಶಾಲೆ ಬಿಡಿಸಿ, ತಮ್ಮನನ್ನು ಮುಂದೆ ಓದಿಸಿದ ಸಂಗತಿಯು ನಮಗೆಲ್ಲರಿಗೂ ತಿಳಿದುದೇ. ಅದನ್ನು ಮನೆಯಲ್ಲಿ ಬಾಯಿಬಿಟ್ಟು ಆಡಿದುದು ಅದೇ ಮೊದಲು. ತಾಯಿಯವರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಮರದಲ್ಲಿನ ಅಕ್ಕಿಯನ್ನೇ ನೋಡುತ್ತಿದ್ದು, ಆ ಮೇಲೆ ಎದ್ದು ಬಂದು ಮೊಮ್ಮಗಳ ಪಕ್ಕದಲ್ಲಿ ಕುಳಿತರು.

ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೆ: ಇಂಥ ಹಲಗೆಯನ್ನು ನೀವೂ ಮಾಡಬಹುದು, ಮಾಡಿದರೆ ರಜೆಯ ಹೊತ್ತು ಸುಖವಾಗಿ ಕಳೆಯುವುದು. ಆದರೆ ಮಕ್ಕಳಲ್ಲಿ ಇವರು ಜಾಣರು, ಇವರು ಮಂದರು ಎಂದು ಹೆಸರಿಡುವುದಕ್ಕೆ ಮುಂಚೆ ಅವರವರಿಗೆ ಬಿದ್ದ ದಾರಿಯನ್ನು ನೂಲು ಹಿಡಿದು ಅಳೆಯಿರಿ. ನಮ್ಮ ಮನೆಯಲ್ಲಿ ಈಗ ಸುತ್ತುಗಳನ್ನೆಣಿಸುವ ಅಧಿಕಾರವು ನಮ್ಮ ತಾಯಿಯವರದು. ಸುತ್ತಿಗೊಂದು ಹುಣಸೆಬೀಜವನ್ನು ಪಕ್ಕಕ್ಕಿಡುತ್ತ ಕುಳಿತಿರುವರು. ಹತ್ತನೆಯ ಬೀಜ ಬಿದ್ದೊಡನೆ, "ಸಾಕು, ಜಾಡು ಬದ್ಲಿಸ್ರಿ" ಎಂದು ಗಟ್ಟಿಯಾಗಿ ಕೂಗುವರು.